ಅಪ್ಪನ ಮಾತ್ರೆ, ತೋಟದ ಬಾಟಲಿ: ಕೊಡಗಿನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಮಾದಾಪುರದ ಕಡೆಯವಳು. ಐದು ಎಕರೆ ಕಾಫಿ ತೋಟ ಇದೆ. ಅರ್ಧ ಅರೇಬಿಕಾ, ಅರ್ಧ ರೋಬಸ್ಟಾ, ನೆರಳಿನ ಮರಗಳಿಗೆ ಕರಿಮೆಣಸಿನ ಬಳ್ಳಿ. ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಈ ಸಲ ಹೂಮಳೆ ಬಂದು ಹೋಯಿತು, ಕಾಯಿ ಕಚ್ಚಿದೆ. ಇನ್ನು ಕೆಲವೇ ವಾರಗಳಲ್ಲಿ ತೋಟಗಳಲ್ಲೆಲ್ಲ ಮಳೆಗಾಲಕ್ಕೆ ಮುಂಚಿನ ಔಷಧಿ ಹೊಡೆಯುವ ಕೆಲಸ ಶುರುವಾಗುತ್ತದೆ. ನಾವು ಬ್ಯಾರೆಲ್‌ಗೆ ನೀರು ತುಂಬುವ ಮುಂಚೆ ಈ ಪತ್ರ ನಿಮ್ಮ ಮೇಜಿಗೆ ಬರಬೇಕು ಅಂತ ಅವಸರದಲ್ಲಿ ಬರೆಯುತ್ತಿದ್ದೇನೆ.

ನಿಮಗೇ ಬರೆಯುವುದಕ್ಕೆ ಕಾರಣ ಇದೆ. ಇದು ಒಂದು ಇಲಾಖೆಯ ವಿಷಯ ಅಲ್ಲ. ತೋಟಕ್ಕೆ, ಗದ್ದೆಗೆ ಏನು ಹೊಡೆಯಬೇಕು ಅನ್ನುವುದು ಕಾಫಿ ಮಂಡಳಿ, ಕೃಷಿ, ತೋಟಗಾರಿಕೆಯವರ ಮಾತು. ಮನುಷ್ಯರ ಎದೆಯೊಳಗೆ ಏನಾಗುತ್ತಿದೆ ಅನ್ನುವುದು ಆರೋಗ್ಯ ಇಲಾಖೆಯವರ ಮಾತು. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಮಾತಾಡಿಸಲು ಜಿಲ್ಲೆಯಲ್ಲಿ ನಿಮ್ಮಿಂದ ಆಗುತ್ತದೆ.

ಮೊದಲು ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಅಪ್ಪನಿಗೆ ಮೂವತ್ತರ ವಯಸ್ಸಿನಲ್ಲಿ ಟಿಬಿ ಬಂದಿತ್ತು. ವಾಸಿಯಾಯಿತು. ಆಮೇಲೆ ನಲವತ್ತು ವರ್ಷ ಏಣಿ ಹತ್ತಿ ಮೆಣಸು ಕೊಯ್ದರು, ನಿಂತು ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮಾಡಿಸಿದರು. ಎಪ್ಪತ್ತು ದಾಟಿದ ಮೇಲೆ ಕೆಮ್ಮು ಹಿಡಿಯಿತು. ತೂಕ ಇಳಿಯಿತು. ಒಂದು ಬೆಳಿಗ್ಗೆ ಕಫದಲ್ಲಿ ರಕ್ತ ಕಾಣಿಸಿತು. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ನೋಡಿ, ಹಳೇ ಟಿಬಿ ಮರುಕಳಿಸಿದೆ ಅಂದರು. ಕಫದ ಪರೀಕ್ಷೆಯಲ್ಲಿ ಟಿಬಿ ಕ್ರಿಮಿ ಸಿಗಲಿಲ್ಲ. ಆದರೂ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದರು. ಅಪ್ಪ ಇನ್ನಷ್ಟು ಸೊರಗಿದರು.

ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಎದೆರೋಗದ ಡಾಕ್ಟರು ಸಿಟಿ ಸ್ಕ್ಯಾನ್ ಮಾಡಿಸಿದರು, ಒಂದು ರಕ್ತ ಪರೀಕ್ಷೆ ಬರೆದರು. ಟಿಬಿ ಮಾಡಿ ಹೋಗಿದ್ದ ಹಳೇ ಗುಳಿಯಲ್ಲಿ ಬೂಷ್ಟು ಬೆಳೆದು ಉಂಡೆ ಕಟ್ಟಿತ್ತು. ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಅನ್ನುವ ಫಂಗಸ್. ಹಳೇ ಹುಲ್ಲು, ಕೊಳೆತ ಎಲೆ, ಗೊಬ್ಬರದ ಗುಂಡಿ ಎಲ್ಲ ಕಡೆ ಇರುವಂಥದ್ದು. ಅದರ ಬೀಜಕಣ ಎಷ್ಟು ಸಣ್ಣದೆಂದರೆ ದಿನಾ ನಾವೆಲ್ಲ ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುತ್ತೇವೆ. ಗಟ್ಟಿ ಶ್ವಾಸಕೋಶ ಅದನ್ನು ಹೊರಗೆ ಹಾಕುತ್ತದೆ. ಟಿಬಿ ಗಾಯ ಇದ್ದವರಲ್ಲಿ, ಅಸ್ತಮಾ ಇದ್ದವರಲ್ಲಿ, ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಳ್ಳುವವರಲ್ಲಿ ಅದು ಬೇರು ಬಿಡುತ್ತದೆ.

ಡಾಕ್ಟರು ಇಟ್ರಾಕೋನಜೋಲ್ ಎಂಬ ಔಷಧಿ ಬರೆದರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನು ಕೇಳಿದರು: "ನಿಮ್ಮ ತೋಟಕ್ಕೆ ಏನು ಹೊಡೀತೀರಮ್ಮಾ?"

ನನಗೆ ಅರ್ಥ ಆಗಲಿಲ್ಲ. ಅಪ್ಪನ ಕೆಮ್ಮಿಗೂ ತೋಟದ ಸ್ಪ್ರೇಗೂ ಏನು ಸಂಬಂಧ? ವಿಷದ ಗಾಳಿ ಕುಡಿದದ್ದಕ್ಕೆ ಹೀಗಾಯಿತು ಅಂತ ಹೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು ಅದಲ್ಲ. "ಕಫವನ್ನು ಲ್ಯಾಬ್‌ಗೆ ಕಳಿಸ್ತೀನಿ. ಈ ಫಂಗಸ್ ಮಾತ್ರೆಗೆ ಬಗ್ಗುತ್ತೋ ಇಲ್ಲವೋ ನೋಡಬೇಕು. ತೋಟದಲ್ಲೇ ಇದೇ ಜಾತಿಯ ಔಷಧಿ ಕುಡಿದು ಗಟ್ಟಿಯಾಗಿ ಬಂದಿದ್ದರೆ ಕಷ್ಟ" ಅಂದರು.

ಆ ರಾತ್ರಿ ಮನೆಗೆ ಬಂದು ಕೊಟ್ಟಿಗೆಯ ಪಕ್ಕದ ಸಾಮಾನಿನ ಕೋಣೆಗೆ ಟಾರ್ಚ್ ಹಿಡಿದು ಹೋದೆ. ಹೋದ ವರ್ಷ ಕಾಫಿಯ ಎಲೆ ತುಕ್ಕು ರೋಗಕ್ಕೆ ಅಂತ ತಂದು ಅರ್ಧ ಉಳಿಸಿದ್ದ ಬಾಟಲಿ ಅಲ್ಲೇ ಇತ್ತು. ಅದರ ಮೇಲೆ ಹೆಕ್ಸಾಕೋನಜೋಲ್ ಅಂತ ಬರೆದಿತ್ತು. ಕೈಯಲ್ಲಿದ್ದ ಅಪ್ಪನ ಮಾತ್ರೆಯ ಚೀಟಿಯಲ್ಲಿ ಇಟ್ರಾಕೋನಜೋಲ್. ಹೆಸರಿನ ಬಾಲ ಒಂದೇ.

ನೀವೂ ಒಮ್ಮೆ ನೋಡಿ ಸರ್. ಗೊಬ್ಬರದ ಅಂಗಡಿಯಲ್ಲಿ ಹೆಕ್ಸಾಕೋನಜೋಲ್, ಪ್ರೊಪಿಕೋನಜೋಲ್, ಟೆಬುಕೋನಜೋಲ್, ಡೈಫೆನೋಕೋನಜೋಲ್. ಎದುರಿನ ಮೆಡಿಕಲ್ ಶಾಪಿನಲ್ಲಿ ಫ್ಲುಕೋನಜೋಲ್, ಇಟ್ರಾಕೋನಜೋಲ್, ವೊರಿಕೋನಜೋಲ್. ಎಲ್ಲವೂ ಏಜೋಲ್ ಎಂಬ ಒಂದೇ ಕುಟುಂಬದವು. ಕೆಲಸ ಮಾಡುವ ರೀತಿಯೂ ಒಂದೇ. ಫಂಗಸ್ ತನ್ನ ಜೀವಕೋಶದ ಪೊರೆ ಕಟ್ಟಿಕೊಳ್ಳಲು ಎರ್ಗೊಸ್ಟೆರಾಲ್ ಎಂಬ ಪದಾರ್ಥ ಬೇಕು. ಅದನ್ನು ತಯಾರು ಮಾಡುವ ಒಂದು ಕಿಣ್ವವನ್ನು ಈ ಔಷಧಿಗಳು ಹಿಡಿದು ನಿಲ್ಲಿಸುತ್ತವೆ. ಕಾಫಿ ಎಲೆಯ ತುಕ್ಕಿಗೂ ಅದೇ ಪೆಟ್ಟು, ಅಪ್ಪನ ಎದೆಯ ಬೂಷ್ಟಿಗೂ ಅದೇ ಪೆಟ್ಟು.

ನಾವು ತುಕ್ಕಿಗೆ ಅಂತ ಹೊಡೆಯುತ್ತೇವೆ. ಔಷಧಿ ಎಲೆಯ ಮೇಲಷ್ಟೇ ನಿಲ್ಲುವುದಿಲ್ಲ, ನೆಲಕ್ಕೂ ಬೀಳುತ್ತದೆ. ನೆಲದಲ್ಲಿ ತನ್ನ ಪಾಡಿಗೆ ತಾನು ಎಲೆ ಕೊಳೆಸಿಕೊಂಡು ಬದುಕಿದ್ದ ಆಸ್ಪರ್ಜಿಲಸ್‌ಗೂ ಪ್ರತಿ ವರ್ಷ ಆ ಪೆಟ್ಟು ಬೀಳುತ್ತದೆ. ಅದು ನಮ್ಮ ಶತ್ರು ಆಗಿರಲೇ ಇಲ್ಲ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಎಲ್ಲೋ ಒಂದು ತಡೆದುಕೊಳ್ಳುತ್ತದೆ. ಉಳಿದವು ಸಾಯುತ್ತವೆ, ಅದು ಹೆಚ್ಚುತ್ತದೆ. ಆಮೇಲೆ ಗಾಳಿಯಲ್ಲಿ ತೇಲಿ ಬಂದು ಯಾರದೋ ಎದೆ ಸೇರಿದರೆ, ಮನುಷ್ಯರ ಮಾತ್ರೆಯೂ ಅದಕ್ಕೆ ಲೆಕ್ಕಕ್ಕಿಲ್ಲ. ಆ ರೋಗಿ ಜನ್ಮದಲ್ಲಿ ಒಂದು ಏಜೋಲ್ ಮಾತ್ರೆ ನುಂಗಿರಬೇಕೆಂದಿಲ್ಲ. ನೆದರ್ಲೆಂಡ್ಸ್‌ನ ಡಾಕ್ಟರುಗಳಿಗೆ ಮೊದಲು ಅನುಮಾನ ಹುಟ್ಟಿದ್ದೇ ಹೀಗೆ. ಈ ಔಷಧಿ ಮುಟ್ಟದ ರೋಗಿಗಳಲ್ಲೂ ಔಷಧಿಗೆ ಬಗ್ಗದ ಫಂಗಸ್ ಸಿಕ್ಕಿತು. ಹಾಗಾದರೆ ಅದು ಹೊರಗಿನಿಂದಲೇ ಕಲಿತು ಬಂದಿರಬೇಕು ಅಲ್ವಾ?

ಈಗ ನಾನು ನಿಮಗೆ ಪರಿಚಯ ಮಾಡಿಕೊಡಬೇಕಾದ ವಿಜ್ಞಾನಿಯ ಹೆಸರು ಡಾ. ಅನುರಾಧಾ ಚೌಧರಿ. ದೆಹಲಿ ವಿಶ್ವವಿದ್ಯಾಲಯದ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಮನುಷ್ಯರಿಗೆ ಬರುವ ಶಿಲೀಂಧ್ರ ರೋಗಗಳ ಪ್ರಾಧ್ಯಾಪಕಿ. ಮೈಸೂರಿನ ಡಾಕ್ಟರು ಹೇಳಿದ ಹೆಸರು ಇದು. ಇವರೂ ಇವರ ಜೊತೆಗಾರರೂ 2012ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನಮ್ಮ ದೇಶದ ಬೇರೆ ಬೇರೆ ಕಡೆಯ ಮಣ್ಣು ಮತ್ತು ಗಾಳಿಯ ಮಾದರಿ ತಂದು, ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಔಷಧಿಗೆ ಬಗ್ಗುತ್ತದೋ ಇಲ್ಲವೋ ಅಂತ ನೋಡಿದರು. ಒಟ್ಟು ನೂರಕ್ಕೆ ಏಳು ಬಗ್ಗಲಿಲ್ಲ. ಎಲ್ಲೆಲ್ಲಿ ಸಿಕ್ಕಿತು ಅನ್ನುವ ಪಟ್ಟಿ ಓದುವಾಗ ನನ್ನ ಕೈ ನಿಂತಿತು. ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಚಹಾ ತೋಟದ ಮಣ್ಣಿನಲ್ಲಿ, ಶೇಕಡಾ 33. ಭತ್ತದ ಗದ್ದೆಯಲ್ಲಿ ಶೇಕಡಾ 12.3. ಆಸ್ಪತ್ರೆಯ ತೋಟದ ಹೂಕುಂಡದ ಮಣ್ಣಿನಲ್ಲಿ 20. ಆಸ್ಪತ್ರೆ ವಾರ್ಡಿನ ಗಾಳಿಯಲ್ಲೂ ಇತ್ತು. ಆ ಫಂಗಸ್‌ಗಳು ಡಾಕ್ಟರು ಕೊಡುವ ಮೂರು ಏಜೋಲ್‌ಗಳಿಗೂ ಬಗ್ಗಲಿಲ್ಲ, ರೈತರು ಹೊಡೆಯುವ ಆರು ಏಜೋಲ್‌ಗಳಿಗೂ ಬಗ್ಗಲಿಲ್ಲ. ಇನ್ನೂ ಒಂದು ಮಾತಿದೆ. ದೂರ ದೂರದ ಊರಿನ ಮಣ್ಣಿನಲ್ಲಿ ಸಿಕ್ಕ ಗಟ್ಟಿ ಫಂಗಸ್‌ಗಳ ವಂಶವಾಹಿ ಒಂದೇ ಥರ ಇತ್ತು. ಅಂದರೆ ಒಂದೇ ತಾಯಿಯ ಸಂತಾನ ಊರೂರಿಗೆ ಹರಡಿದೆ.

ಚಹಾ ತೋಟ, ಭತ್ತದ ಗದ್ದೆ. ಕೊಡಗಿನವರಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೇ? ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವುದು ನಮ್ಮ ಜಿಲ್ಲೆ. ಕಾಫಿಯ ಎಲೆ ತುಕ್ಕಿಗೆ ಏಜೋಲ್, ಗದ್ದೆಯ ಎಲೆಕವಚ ಕೊಳೆಗೆ ಏಜೋಲ್, ಗದ್ದೆಯನ್ನು ಗುತ್ತಿಗೆಗೆ ಕೊಟ್ಟರೆ ಶುಂಠಿಯ ಎಲೆ ಚುಕ್ಕೆಗೂ ಏಜೋಲ್. 2024ರಲ್ಲಿ ಕೊಡಗಿನ ಶುಂಠಿಯಲ್ಲಿ ಪೈರಿಕ್ಯುಲೇರಿಯಾ ಎಂಬ ಹೊಸ ಫಂಗಸ್ ರೋಗವನ್ನು ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಗುರುತಿಸಿದರು. ಎಲೆ ಹಳದಿಯಾಗಿ ಒಣಗುವುದನ್ನು ನೋಡಿದ ರೈತರು ಅಂಗಡಿಗೆ ಓಡಿದ್ದು ಸಹಜ.

ಚೌಧರಿಯವರ ಈ ಕೆಲಸ ಪ್ರಪಂಚಕ್ಕೆ ಗೊತ್ತಿಲ್ಲದ್ದಲ್ಲ. ಅದೇ ನನ್ನನ್ನು ಕಾಡುತ್ತಿರುವುದು. ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಎಂಎಸ್ಸಿ ಓದುತ್ತಾಳೆ. ರಜೆಗೆ ಬಂದಾಗ ಅವಳ ಹತ್ತಿರ ಈ ಹೆಸರು ಹೇಳಿದೆ. "ದೊಡ್ಡಮ್ಮಾ, ಇವರನ್ನು ಎಷ್ಟು ಜನ ಸೈಟ್ ಮಾಡಿದಾರೆ ನೋಡಿ" ಅಂತ ಫೋನಿನಲ್ಲಿ ತೋರಿಸಿದಳು. ಸಾವಿರ ಸಾವಿರ ಸಲ.

ಸೈಟೇಶನ್ ಅಂದರೆ ಉಲ್ಲೇಖ. ನಮ್ಮಲ್ಲಿ ಜಾಗದ ಗಡಿ ತಕರಾರು ಬಂದಾಗ ಊರಿನ ಹಿರಿಯರೊಬ್ಬರ ಮಾತನ್ನು ಎಲ್ಲರೂ ಎತ್ತುತ್ತಾರಲ್ಲ, "ಆ ತೋಡು ಮೊದಲು ಎಲ್ಲಿ ಹರೀತಿತ್ತು ಅಂತ ಅವರನ್ನು ಕೇಳಿ" ಅಂತ, ಹಾಗೆ. ಒಬ್ಬ ವಿಜ್ಞಾನಿ ಹೊಸದಾಗಿ ಏನಾದರೂ ಬರೆಯುವಾಗ, ತನ್ನ ಮಾತು ಯಾರ ಕೆಲಸದ ಮೇಲೆ ನಿಂತಿದೆ ಅಂತ ಹೇಳಲೇಬೇಕು. ಹಾಗೆ ಹೇಳಿದ ಪ್ರತಿ ಸಲವೂ ಒಂದು ಉಲ್ಲೇಖ. ಇದನ್ನು ಕಲೆಹಾಕುವ ಯೋಚನೆಯನ್ನು 1955ರಲ್ಲಿ ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಎಂಬವರು ಮುಂದಿಟ್ಟರು. ವಿಜ್ಞಾನಿಗಳಿಗೆ ಅಂಕ ಹಾಕುವುದು ಅವರ ಮೂಲ ಉದ್ದೇಶ ಆಗಿರಲಿಲ್ಲ. ಒಂದು ವಿಚಾರ ಯಾರಿಂದ ಯಾರಿಗೆ ಹೋಯಿತು, ಯಾರು ಅದನ್ನು ಬೆಳೆಸಿದರು, ಯಾರು ತಪ್ಪು ತೋರಿಸಿದರು ಅಂತ ಹೆಜ್ಜೆ ಹಿಡಿದು ಹೋಗಲು ದಾರಿ ಬೇಕಿತ್ತು. ಇವತ್ತು ಎಲ್ಲರೂ ಅಂಕಿ ಮಾತ್ರ ನೋಡುತ್ತಾರೆ. ನನಗೆ ಅಂಕಿಗಿಂತ ಹೆಜ್ಜೆ ಮುಖ್ಯ ಅನಿಸಿತು. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ರಾತ್ರಿ ಹೆಜ್ಜೆ ಹಿಡಿದು ಹೋದೆ.

2013ರಲ್ಲಿ ಚೌಧರಿಯವರು ಮತ್ತು ನೆದರ್ಲೆಂಡ್ಸ್‌ನ ಜಾಕ್ ಮೈಸ್ ಮೊದಲಾದವರು ಸೇರಿ, ಬೇಸಾಯದಲ್ಲಿ ಬಳಸುವ ಏಜೋಲ್‌ನಿಂದ ಮನುಷ್ಯರ ಆರೋಗ್ಯಕ್ಕೆ ಬರುತ್ತಿರುವ ಅಪಾಯದ ಬಗ್ಗೆ ನೇರವಾಗಿ ಬರೆದರು. ಅದನ್ನು ಉಲ್ಲೇಖಿಸಿದವರಲ್ಲಿ ಆಸ್ಪತ್ರೆಯ ಡಾಕ್ಟರುಗಳಿದ್ದಾರೆ, ಬೆಳೆರೋಗದ ತಜ್ಞರಿದ್ದಾರೆ, ಮಣ್ಣು ಪರೀಕ್ಷೆ ಮಾಡುವವರಿದ್ದಾರೆ. ನೆದರ್ಲೆಂಡ್ಸ್‌ನಲ್ಲಿ ಹೂಗಡ್ಡೆಯ ಕಸ ಕೊಳೆಸುವ ಗುಡ್ಡೆಗಳಲ್ಲಿ ಈ ಗಟ್ಟಿ ಫಂಗಸ್ ಹೇರಳವಾಗಿ ಬೆಳೆಯುವುದನ್ನು ಕಂಡುಕೊಂಡರು. ಕಾರಣ ಸರಳ. ಕೊಳೆಯುವ ಗುಡ್ಡೆ ಬಿಸಿಯಾಗುತ್ತದೆ. ಬೇರೆ ಫಂಗಸ್‌ಗಳು ಆ ಬಿಸಿಗೆ ಸಾಯುತ್ತವೆ, ಆಸ್ಪರ್ಜಿಲಸ್ ಫ್ಯೂಮಿಗೇಟಸ್‌ಗೆ ಅದು ಹಬ್ಬ. ಅದರ ಜೊತೆ ಏಜೋಲ್ ಉಳಿಕೆಯೂ ಇದ್ದರೆ ಗಟ್ಟಿಯಾದದ್ದೇ ಗೆಲ್ಲುತ್ತದೆ.

ಇದನ್ನು ಓದಿ ಬೆಳಿಗ್ಗೆ ಎದ್ದು ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಪಲ್ಪರ್ ಹಿಂದಿನ ಸಿಪ್ಪೆ ಗುಡ್ಡೆಯ ಮುಂದೆ ನಿಂತೆ. ಹೊಗೆಯಂತೆ ಆವಿ ಏಳುತ್ತಿತ್ತು. ಕಾಫಿ ಸಿಪ್ಪೆ, ಮರಗಸಿಯ ಸೊಪ್ಪು, ಉದುರೆಲೆ, ಸಗಣಿ. ಎಷ್ಟು ವರ್ಷದಿಂದ ಅಪ್ಪ ಸಲಿಕೆ ಹಿಡಿದು, ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ ಅದನ್ನು ಮಗುಚಿದ್ದರು! ಮಗುಚುವಾಗ ಏಳುವ ಬೂದುಬಣ್ಣದ ಧೂಳು ಏನು ಅಂತ ನನಗೆ ಆಗ ಗೊತ್ತಾಯಿತು. ವಿಜ್ಞಾನದ ಮೇಷ್ಟ್ರು ನಾನು. ಇಷ್ಟು ವರ್ಷ ಗೊತ್ತಿರಲಿಲ್ಲ ಅನ್ನುವುದು ನನಗೆ ತುಂಬಾ ನೋವು ತಂದಿದೆ.

ಚೌಧರಿಯವರ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಇನ್ನೊಂದು ಫಂಗಸ್‌ನಿಂದ. ಕ್ಯಾಂಡಿಡಾ ಆರಿಸ್. 2009ರಲ್ಲಿ ಜಪಾನಿನ ಅಜ್ಜಿಯೊಬ್ಬರ ಕಿವಿಯಲ್ಲಿ ಮೊದಲು ಸಿಕ್ಕಿತು, ಅದಕ್ಕೇ ಲ್ಯಾಟಿನ್‌ನಲ್ಲಿ ಕಿವಿ ಎಂಬ ಅರ್ಥದ ಆರಿಸ್ ಅನ್ನುವ ಹೆಸರು. ದೆಹಲಿಯ ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತದಲ್ಲಿ ಅದು ಹರಡುತ್ತಿದೆ ಎಂದು ಚೌಧರಿಯವರ ತಂಡ 2013ರಲ್ಲೇ ಎಚ್ಚರಿಸಿತು. ಆಮೇಲೆ ದೇಶದ ಹಲವು ಆಸ್ಪತ್ರೆಗಳಿಂದ ಬಂದ 350 ಮಾದರಿ ಪರೀಕ್ಷೆ ಮಾಡಿದಾಗ ನೂರಕ್ಕೆ 90 ಫ್ಲುಕೋನಜೋಲ್‌ಗೆ ಬಗ್ಗಲಿಲ್ಲ. ಅದು ಪ್ರಕೃತಿಯಲ್ಲಿ ಎಲ್ಲಿರುತ್ತದೆ ಅನ್ನುವ ಪ್ರಶ್ನೆಗೆ ಇವರ ತಂಡ ಅಂಡಮಾನಿನ ಮರಳು ದಂಡೆಯಲ್ಲೂ ಉಪ್ಪು ಜೌಗಿನಲ್ಲೂ ಹುಡುಕಿ ತೆಗೆದು 2021ರಲ್ಲಿ ಪ್ರಕಟಿಸಿತು. ಮರುವರ್ಷ ಉತ್ತರ ಭಾರತದ ಸೇಬು. ಮರದಿಂದ ಆಗಷ್ಟೇ ಕಿತ್ತ ಹಣ್ಣಿನಲ್ಲಿ ಇರಲಿಲ್ಲ. ಕೂಡಿಟ್ಟು ಮಾರುಕಟ್ಟೆಗೆ ಬಂದ ಹಣ್ಣಿನ ಸಿಪ್ಪೆಯ ಮೇಲೆ ಇತ್ತು, ಶಿಲೀಂಧ್ರನಾಶಕದ ಉಳಿಕೆಯ ಜೊತೆಗೆ. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಸಲ ಅಪಾಯಕಾರಿ ಫಂಗಸ್‌ಗಳ ಪಟ್ಟಿ ಮಾಡಿತು. 19 ಹೆಸರು. ಅತಿ ಗಂಭೀರ ಅನ್ನುವ ಮೊದಲ ಗುಂಪಿನಲ್ಲಿ ನಾಲ್ಕು. ಆ ನಾಲ್ಕರಲ್ಲಿ ಈ ಎರಡೂ ಇವೆ: ಆಸ್ಪರ್ಜಿಲಸ್ ಫ್ಯೂಮಿಗೇಟಸ್, ಕ್ಯಾಂಡಿಡಾ ಆರಿಸ್.

ಇಷ್ಟೆಲ್ಲ ಉಲ್ಲೇಖ. ನಮ್ಮ ಮನೆಗೆ ಬಂದಿರುವ ಯಾವ ಕರಪತ್ರದಲ್ಲೂ ಒಂದು ಸಾಲಿಲ್ಲ. ಸ್ಪ್ರೇ ಬಗ್ಗೆ ನಾನು ಕೂತ ಯಾವ ತರಬೇತಿಯಲ್ಲೂ ಒಂದು ಮಾತಿಲ್ಲ. ಔಷಧಿ ಎಷ್ಟು ಎಂಎಲ್, ಎಷ್ಟು ಲೀಟರ್ ನೀರಿಗೆ ಅಂತ ಹೇಳುತ್ತಾರೆ. ಕೈಗವಸು, ಕನ್ನಡಕ ಹಾಕಿ ಅನ್ನುತ್ತಾರೆ. ಅದೇ ಜಾತಿಯ ಔಷಧಿ ನಾಳೆ ನಿಮ್ಮ ಎದೆಗೂ ಬೇಕಾದೀತು ಅಂತ ಯಾರೂ ಹೇಳಿಲ್ಲ.

ಬೆಳೆಗಾರರನ್ನು ನಾನು ಬೈಯುತ್ತಿಲ್ಲ. ನಾನೂ ಹೊಡೆದಿದ್ದೇನೆ. ಬೋರ್ಡೋ ದ್ರಾವಣ ಮಾಡುವ ಕಷ್ಟ ಗೊತ್ತಿದ್ದವರಿಗೇ ಗೊತ್ತು. ಮೈಲುತುತ್ತು ಬೇರೆ ಕರಗಿಸಬೇಕು, ಸುಣ್ಣ ಬೇರೆ ಕಲಸಿ ಸೋಸಬೇಕು, ಸೇರಿಸಬೇಕು, ಕಬ್ಬಿಣದ ಕತ್ತಿ ಅದ್ದಿ ಕೆಂಪು ಹಿಡಿಯುತ್ತದಾ ನೋಡಬೇಕು. ಅವತ್ತೇ ಹೊಡೆದು ಮುಗಿಸಬೇಕು. ಆಳು ಸಿಗುವುದಿಲ್ಲ. ಮಳೆ ಕಾಯುವುದಿಲ್ಲ. ಬಾಟಲಿ ತಂದು ಬ್ಯಾರೆಲ್‌ಗೆ ಸುರಿದರೆ ಆಯ್ತು ಅನ್ನುವಾಗ ಯಾರು ಬೇಡ ಅನ್ನುತ್ತಾರೆ? ಆದರೆ ಒಂದು ವ್ಯತ್ಯಾಸ ಇದೆ. ಮೈಲುತುತ್ತಿನ ತಾಮ್ರ ಫಂಗಸ್‌ಗೆ ಒಂದೇ ಕಡೆ ಹೊಡೆಯುವುದಿಲ್ಲ, ಹತ್ತು ಕಡೆ ಹೊಡೆಯುತ್ತದೆ. ಅದಕ್ಕೇ ನೂರು ವರ್ಷ ದಾಟಿದರೂ ಅದು ಇನ್ನೂ ಕೆಲಸ ಮಾಡುತ್ತಿದೆ. ಏಜೋಲ್ ಒಂದೇ ಬೀಗ ಹಾಕುತ್ತದೆ. ಫಂಗಸ್ ಆ ಬೀಗದ ಆಕಾರ ಚೂರು ಬದಲಾಯಿಸಿಕೊಂಡರೆ ಸಾಕು. ಆಸ್ಪರ್ಜಿಲಸ್ ಮಾಡಿಕೊಂಡದ್ದು ಅಷ್ಟೇ. ಆ ಕಿಣ್ವದಲ್ಲಿ 98ನೇ ಜಾಗದ ಒಂದು ಅಮೈನೋ ಆಮ್ಲ ಬದಲು, ಜೊತೆಗೆ ಕಿಣ್ವವನ್ನು ಜಾಸ್ತಿ ತಯಾರಿಸುವಂತೆ 34 ಅಕ್ಷರಗಳ ಒಂದು ತುಣುಕು ಎರಡು ಸಲ. ತಾಮ್ರವೂ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ, ಅದನ್ನೂ ಮಿತಿಯಲ್ಲೇ ಬಳಸಬೇಕು, ಒಪ್ಪುತ್ತೇನೆ.

ಮನುಷ್ಯರಿಗೆ ಫಂಗಸ್ ಔಷಧಿ ಯಾಕೆ ಇಷ್ಟು ಅಮೂಲ್ಯ ಅಂತ ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಬ್ಯಾಕ್ಟೀರಿಯಾ ನಮಗಿಂತ ತುಂಬಾ ಬೇರೆ. ಅದನ್ನು ಮಾತ್ರ ಕೊಲ್ಲುವ ಔಷಧಿ ಹುಡುಕುವುದು ಸುಲಭ. ಫಂಗಸ್ ಜೀವಕೋಶ ನಮ್ಮ ಜೀವಕೋಶಕ್ಕೆ ದಾಯಾದಿ. ಅದಕ್ಕೆ ಹೊಡೆದರೆ ನಮಗೂ ತಾಗುತ್ತದೆ. ಹಾಗಾಗಿ ದೊಡ್ಡ ಫಂಗಸ್ ಕಾಯಿಲೆಗೆ ಇರುವ ಔಷಧಿ ಗುಂಪುಗಳು ಒಂದು ಕೈಯ ಬೆರಳಿನಷ್ಟೂ ಇಲ್ಲ. ಮನೆಯಲ್ಲಿ ಕೂತು ತಿಂಗಳುಗಟ್ಟಲೆ ನುಂಗಬಹುದಾದ ಮಾತ್ರೆ ಅಂದರೆ ಬಹುಪಾಲು ಏಜೋಲ್ ಮಾತ್ರ. ಅದು ಕೈಕೊಟ್ಟರೆ ಆಸ್ಪತ್ರೆಯಲ್ಲಿ ಮಲಗಿ ರಕ್ತನಾಳಕ್ಕೆ ಆಂಫೊಟೆರಿಸಿನ್ ಹಾಕಿಸಿಕೊಳ್ಳಬೇಕು. 2021ರಲ್ಲಿ ಕೋವಿಡ್ ಜೊತೆ ಕಪ್ಪು ಶಿಲೀಂಧ್ರ ಬಂದಾಗ ಆ ಇಂಜೆಕ್ಷನ್‌ಗೆ ಜನ ಹೇಗೆ ಅಲೆದರು ಅಂತ ನಾವೆಲ್ಲ ನೋಡಿದ್ದೇವೆ.

2022ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ನಮ್ಮ ದೇಶದಲ್ಲಿ ಗಂಭೀರ ಫಂಗಸ್ ಕಾಯಿಲೆ ಇರುವವರು ಸುಮಾರು 5.7 ಕೋಟಿ. ಅದರಲ್ಲಿ ಅಪ್ಪನಿಗೆ ಬಂದಂಥ ದೀರ್ಘಕಾಲದ ಶ್ವಾಸಕೋಶದ ಆಸ್ಪರ್ಜಿಲಸ್ ಇರುವವರೇ 17 ಲಕ್ಷ. ಅಷ್ಟು ಜನರಲ್ಲಿ ಎಷ್ಟೋ ಮಂದಿ ಟಿಬಿ ಅಂತ ಮಾತ್ರೆ ನುಂಗುತ್ತಾ ಕೂತಿರಬಹುದು, ನಮ್ಮ ಅಪ್ಪನ ಹಾಗೆ.

ಇಲ್ಲಿ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಇದು ತೋಟದ ಔಷಧಿಯದ್ದಲ್ಲ. ತೋಟದ ಆಳುಗಳಿರುವ ಲೈನ್ ಮನೆಗಳಲ್ಲಿ ಹುಳಕಡ್ಡಿ ಎಷ್ಟಿದೆ ಅಂತ ನೋಡಿದ್ದೀರಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲೇ ದಿನವಿಡೀ ಕೆಲಸ. ತೊಡೆ, ಸೊಂಟ, ಎದೆಯ ಕೆಳಗೆ ಕೆಂಪು ಉಂಗುರ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸೊಬ್ಬರು ಎರಡು ವರ್ಷ ಒಂದೇ ಟ್ಯೂಬ್ ಹಚ್ಚಿದರು. ಡಾಕ್ಟರ ಚೀಟಿ ಇಲ್ಲದೆ ಕೊಂಡದ್ದು. ಹಚ್ಚಿದರೆ ತುರಿಕೆ ನಿಲ್ಲುತ್ತದೆ, ಬಿಟ್ಟರೆ ದುಪ್ಪಟ್ಟು. ಅದರಲ್ಲಿ ಫಂಗಸ್ ಔಷಧಿಯ ಜೊತೆ ಸ್ಟೀರಾಯ್ಡ್ ಇತ್ತು. ಸ್ಟೀರಾಯ್ಡ್ ಚರ್ಮದ ಕಾವಲನ್ನು ಮಲಗಿಸುತ್ತದೆ, ಫಂಗಸ್ ಆರಾಮಾಗಿ ಬೆಳೆಯುತ್ತದೆ. ಇಂಥ ಬಳಕೆಯ ನಡುವೆಯೇ ನಮ್ಮ ದೇಶದಲ್ಲಿ ಟರ್ಬಿನಾಫಿನ್ ಎಂಬ ಫಂಗಸ್ ಔಷಧಿಗೆ ಬಗ್ಗದ ಹುಳಕಡ್ಡಿ ಹರಡಿದೆ. ದೆಹಲಿಯ ಮಾದರಿಗಳಲ್ಲಿ ಶೇಕಡಾ 32 ಬಗ್ಗುತ್ತಿಲ್ಲ ಎಂದು 2018ರಲ್ಲಿ ತೋರಿಸಿದ್ದೂ ಚೌಧರಿಯವರ ತಂಡವೇ. 2020ರಲ್ಲಿ ಆ ಫಂಗಸ್‌ಗೆ ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ನಮ್ಮ ದೇಶದ ಹೆಸರನ್ನೇ ಸೇರಿಸಿ ಕರೆದರು. ಅದು ನ್ಯೂಯಾರ್ಕಿನಲ್ಲೂ ಸಿಕ್ಕಿದೆ ಅಂತ 2023ರಲ್ಲಿ ವರದಿಯಾಯಿತು. ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಮಳೆಗಾಲ ಹಿಡಿಯುವ ಮುಂಚೆ ಔಷಧ ನಿಯಂತ್ರಣದವರಿಂದ ಜಿಲ್ಲೆಯ ಅಂಗಡಿಗಳಿಗೆ ಒಂದು ಸೂಚನೆ ಕೊಡಿಸಿ. ಲೈನ್ ಮನೆಗಳಿಗೆ ಚರ್ಮದ ಡಾಕ್ಟರನ್ನು ಒಂದು ಸುತ್ತು ಕಳಿಸಿ.

ಈಗ ಮುಖ್ಯ ಕೋರಿಕೆಗೆ ಬರುತ್ತೇನೆ. ಏಜೋಲ್ ನಿಷೇಧಿಸಿ ಅಂತ ನಾನು ಕೇಳುತ್ತಿಲ್ಲ. ಅದು ಕೇಂದ್ರದ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ಎಲೆ ತುಕ್ಕು ಜೋರಾಗಿ ಬಂದ ವರ್ಷ ಅರೇಬಿಕಾ ಉಳಿಸಿಕೊಳ್ಳಲು ಅದು ಬೇಕಾಗಬಹುದು ಅನ್ನುವುದೂ ನನಗೆ ಗೊತ್ತು. ನಾನು ಕೇಳುವುದು ಒಂದು ಸಭೆ, ಒಂದು ಕರಪತ್ರ, ಒಂದಿಷ್ಟು ಮಣ್ಣಿನ ಪರೀಕ್ಷೆ.

ಸಭೆಗೆ ಬೇಕಾದವರೆಲ್ಲ ಜಿಲ್ಲೆಯಲ್ಲೇ ಇದ್ದಾರೆ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ. ಅಪ್ಪಂಗಳದಲ್ಲಿ ಸಂಬಾರ ಬೆಳೆಯವರಿದ್ದಾರೆ. ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು. ಬೆಳೆರೋಗದವರೂ ಎದೆರೋಗದವರೂ ಒಂದು ದಿನ ಎದುರುಬದುರು ಕೂತರೆ ಸಾಕು, ಉಳಿದದ್ದು ಅವರೇ ಮಾತಾಡಿಕೊಳ್ಳುತ್ತಾರೆ.

ಕರಪತ್ರ ಕನ್ನಡದಲ್ಲಿರಲಿ. ಆಳುಗಳು ಓದುವ ಬೇರೆ ಭಾಷೆಗಳಲ್ಲೂ ಇರಲಿ. ಹೆಸರು "ಕೋನಜೋಲ್" ಅಂತ ಮುಗಿಯುವ ಔಷಧಿಗಳ ಪಟ್ಟಿ ದಪ್ಪ ಅಕ್ಷರದಲ್ಲಿ ಬರಲಿ. ರೋಗ ಕಾಣದೆ ಮುನ್ನೆಚ್ಚರಿಕೆಗೆ ಅಂತ ಸುಮ್ನೆ ಹೊಡೆಯಬೇಡಿ, ಬೋರ್ಡೋ ಸಾಕಾಗುವ ಕಡೆ ಅದನ್ನೇ ಹೊಡೆಯಿರಿ, ಒಂದೇ ಗುಂಪಿನದ್ದನ್ನು ಸಲ ಸಲವೂ ಹೊಡೆಯಬೇಡಿ ಅಂತ ಹೇಳಲಿ. ಮೆಣಸಿನ ಶೀಘ್ರ ಸೊರಗು ರೋಗಕ್ಕೆ ಏಜೋಲ್ ಹೊಡೆದು ಪ್ರಯೋಜನವೇ ಇಲ್ಲ, ಆ ರೋಗಾಣು ನಿಜವಾದ ಫಂಗಸ್ ಅಲ್ಲ, ಎರ್ಗೊಸ್ಟೆರಾಲ್ ತಾನಾಗಿ ತಯಾರಿಸಿಕೊಳ್ಳುವುದೇ ಇಲ್ಲ. ಇದನ್ನು ಹೇಳಿದರೆ ಎಷ್ಟೋ ಬಾಟಲಿ ಉಳಿಯುತ್ತದೆ. ನೆರಳು ಹದ ಮಾಡುವುದು, ಗಾಳಿ ಆಡುವ ಹಾಗೆ ಕಪಾತು ಮಾಡುವುದು, ತುಕ್ಕು ತಡೆಯುವ ಚಂದ್ರಗಿರಿಯಂಥ ತಳಿ ಹಾಕುವುದು ಇವೆಲ್ಲ ಕಾಫಿ ಮಂಡಳಿಯವರೇ ಹೇಳಿಕೊಟ್ಟದ್ದು. ಅದಕ್ಕೆ ಆರೋಗ್ಯದ ಕಾರಣವನ್ನೂ ಸೇರಿಸಿ ಹೇಳಿ. ಸಿಪ್ಪೆ ಗುಡ್ಡೆ ಮಗುಚುವವರು ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಲಿ. ಟಿಬಿ ಬಂದು ಹೋದವರನ್ನು, ಅಸ್ತಮಾ ಇರುವವರನ್ನು ಆ ಕೆಲಸಕ್ಕೆ ಹಚ್ಚಲೇಬಾರದು.

ಮಣ್ಣಿನ ಪರೀಕ್ಷೆ ದೊಡ್ಡ ಖರ್ಚಲ್ಲ. ಸೋಮವಾರಪೇಟೆಯ ಅರೇಬಿಕಾ ತೋಟ, ವಿರಾಜಪೇಟೆಯ ರೋಬಸ್ಟಾ ತೋಟ, ಶುಂಠಿ ಹಾಕಿದ ಗದ್ದೆ, ಹಾಕದ ಗದ್ದೆ, ಗೊಬ್ಬರದ ಗುಡ್ಡೆ, ಆಸ್ಪತ್ರೆ ಅಂಗಳದ ಹೂಕುಂಡ, ಹೋಲಿಸಲು ದೇವರಕಾಡಿನ ಒಂದು ಹಿಡಿ ಮಣ್ಣು. ಇಷ್ಟು ಕಳಿಸಿದರೆ ಸಾಕು. ಜೊತೆಗೆ ಮಡಿಕೇರಿಯಲ್ಲಿ ಕಫದ ಫಂಗಸ್ ಪರೀಕ್ಷೆ, ಅದು ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪರೀಕ್ಷೆ, ಆಸ್ಪರ್ಜಿಲಸ್‌ನ ರಕ್ತ ಪರೀಕ್ಷೆ ಬಡವರಿಗೂ ಸಿಗಬೇಕು. ಟಿಬಿ ಕ್ರಿಮಿ ಸಿಗದೆ ಟಿಬಿ ಮಾತ್ರೆ ಶುರುಮಾಡುವ ಮುಂಚೆ ಫಂಗಸ್ ಇದೆಯಾ ಅಂತ ಒಂದು ಸಲ ನೋಡಲಿ. ನಮ್ಮ ಆರು ತಿಂಗಳು ಹೋಯಿತು. ಇನ್ನೊಬ್ಬರದ್ದು ಹೋಗದಿರಲಿ.

ಒಂದು ವಿಷಯ ಹೇಳದೆ ಇರಲಾರೆ. ಕಾಫಿಯ ಕೊಳೆರೋಗ ತರುವ ಫಂಗಸ್‌ಗೆ ವಿಜ್ಞಾನಿಗಳು ಇಟ್ಟ ಒಂದು ಹೆಸರು ಏನು ಗೊತ್ತಾ ಸರ್? ಕೊಳೆರೋಗ ನಾಕ್ಸಿಯಾ. ನಮ್ಮ ಕನ್ನಡದ ಪದವೇ. ಬ್ರಿಟಿಷ್ ಶಿಲೀಂಧ್ರ ತಜ್ಞ ಕುಕ್ 1876ರಲ್ಲಿ ಆ ಫಂಗಸ್ ವಿವರಿಸುವಾಗ ನಮ್ಮ ಜನ ಕರೆಯುತ್ತಿದ್ದ ಹೆಸರನ್ನೇ ಇಟ್ಟ. ಮಳೆಯಲ್ಲಿ ನೆನೆಯುತ್ತಾ ತೋಟದಲ್ಲಿ ನಿಂತ ಯಾರೋ ಹೇಳಿದ ಒಂದು ಮಾತನ್ನು ನೂರೈವತ್ತು ವರ್ಷದಿಂದ ಜಗತ್ತಿನ ಬೆಳೆರೋಗ ತಜ್ಞರೆಲ್ಲ ಉಲ್ಲೇಖಿಸುತ್ತಿದ್ದಾರೆ. ಈ ಪಾಠ ಮಾಡುವಾಗ ಮಕ್ಕಳ ಮುಖ ಅರಳುತ್ತದೆ. ನಮ್ಮ ಮಾತನ್ನು ಅವರು ಅಷ್ಟು ಜೋಪಾನವಾಗಿ ಎತ್ತಿಕೊಂಡರು. ದೆಹಲಿಯ ಲ್ಯಾಬಿನಲ್ಲಿ ನಮ್ಮಂಥವರ ಮಣ್ಣನ್ನೇ ಹರವಿಕೊಂಡು ಕೂತು ಚೌಧರಿಯವರು ಹೇಳಿದ ಮಾತನ್ನು ನಾವೂ ಎತ್ತಿಕೊಳ್ಳಬೇಕು. ಆ ಪ್ರಬಂಧಕ್ಕೆ ಮುಂದಿನ ಉಲ್ಲೇಖ ಮಡಿಕೇರಿಯಲ್ಲಿ ಅಚ್ಚಾದ ನಾಲ್ಕು ಪುಟದ ಕರಪತ್ರದಲ್ಲಿ ಬರಲಿ. ಅದನ್ನು ಯಾವ ಸೂಚಿಯೂ ಎಣಿಸುವುದಿಲ್ಲ. ಪರವಾಗಿಲ್ಲ.

ಅಪ್ಪನ ಕಫದಲ್ಲಿ ಬೆಳೆದ ಫಂಗಸ್ ಇಟ್ರಾಕೋನಜೋಲ್‌ಗೆ ಬಗ್ಗುತ್ತದೆ ಅಂತ ವರದಿ ಬಂತು. ಊಟದ ಜೊತೆಗೇ ತೆಗೆದುಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರಿಂದ ಅಮ್ಮ ಎರಡು ಹೊತ್ತೂ ಬಡಿಸಿ ಎದುರಿಗೇ ಕೂರುತ್ತಿದ್ದರು. ಎಂಟನೇ ತಿಂಗಳಿಗೆ ತೂಕ ಆರು ಕೆಜಿ ಏರಿತು. ರಕ್ತ ನಿಂತಿದೆ. ಈಗ ಕಣದ ಹತ್ತಿರದವರೆಗೆ ನಡೆದು ಹೋಗಿ ಬರುತ್ತಾರೆ. ಸಿಪ್ಪೆ ಗುಡ್ಡೆಯ ಕಡೆ ಹೋಗಬೇಡಿ ಅಂದಿದ್ದೇವೆ.

ಪರೀಕ್ಷೆಗೆ ಮಣ್ಣು ಬೇಕಾದರೆ ಮೊದಲು ನಮ್ಮ ತೋಟದ್ದು ತೆಗೆದುಕೊಳ್ಳಿ. ಹೆಕ್ಸಾಕೋನಜೋಲ್ ಹೊಡೆದ ಎರಡು ಎಕರೆ ಯಾವುದು, ಯಾವ ತಿಂಗಳು ಎಷ್ಟು ಹೊಡೆದೆವು ಅಂತ ಅಪ್ಪ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಅದನ್ನೂ ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮಾದಾಪುರದ ಕಡೆಯ ಒಬ್ಬ ಬೆಳೆಗಾರ್ತಿ, ವಿಜ್ಞಾನ ಶಿಕ್ಷಕಿ